ಹೊಕ್ಕಳ ಸುತ್ತ 14 ಸೂಜಿ

ಮೊನ್ನೆ ಶನಿವಾರ ಮುಂಜಾನೆ ಮೂಡಲಗಿಯಿಂದ ಮಗಳ ಫೋನ್ ಬಂತು. ರೊಟ್ಟಿ ಬಡಿಯಾಕ ಹಿಟ್ಟು ನಾದಾಕತ್ತಿದ್ದೆ, ಹಿಟ್ಟಿನ ಕೈಲೇ ಎತ್ತಿದೆ.

"ಅವ್ವಾ, ಇವ ಎರಡು ದಿವಸದಿಂದ ತುಂಬು ತೋಳಿನ ಅಂಗಿ ಬಿಚ್ಚವಲ್ಲ. ಇವತ್ತ ಜಳಕ ಮಾಡಸಾಕ ಅಂತ ಜಗ್ಗಿ ಬಿಚ್ಚಿದ್ರ, ಮುಂಗೈ ಮ್ಯಾಲ ಎರಡು ಹಲ್ಲು ಊರಿದ ಗುರುತು. ಓಣ್ಯಾಗಿನ ನಾಯಿಮರಿ ಕಡದೈತಂತ. ರಕ್ತಾನೂ ಬಂದಿತ್ತಂತ."

ಮೊಮ್ಮಗಗ ಎಂಟು ವರ್ಷ. ಫೋನ್ ಅವನ ಕೈಗೆ ಕೊಡಿಸಿ, "ಯಾಕಪಾ, ಯಾಕ ಮುಚ್ಚಿಟ್ಟಿ?" ಅಂತ ಕೇಳಿದೆ. ಹುಡುಗ ಅಳಕೋತ ಹೇಳಿದ: "ಆಯಿ, ಹುಕ್ಕೇರಿ ಅಜ್ಜಗ ಹೊಟ್ಟ್ಯಾಗ 14 ಸೂಜಿ ಮಾಡಿದ್ರಂತಲಾ. ಕಾಲು ಹೋತಂತಲಾ. ನನಗೂ ಮಾಡ್ತಾರ."

ಹುಕ್ಕೇರಿ ಅಜ್ಜ ಅಂದ್ರ ನನ್ನ ಅಣ್ಣ. ಅವಗ ಆ ಸೂಜಿ ಮಾಡಿದ್ದು 1974ರಾಗ. ಈ ಹುಡುಗ ಹುಟ್ಟೂದಕ್ಕಿಂತ ಎಷ್ಟೋ ಮೊದಲ ಆ ಸೂಜಿ ನಮ್ಮ ದೇಶದಾಗ ಬಂದ್ ಆಗೈತಿ. ಆದ್ರ ನಮ್ಮ ಮನ್ಯಾಗ ಅದು ಇನ್ನೂ ಬಂದ್ ಆಗಿಲ್ಲ. ಹಬ್ಬಕ್ಕ ಎಲ್ಲಾರೂ ಕೂಡಿದಾಗ, ಪಡಸಾಲ್ಯಾಗ ಕುಂತು ಎಲಿ ಅಡಿಕಿ ಹಾಕ್ಕೋತ, ನಾವೇ ದೊಡ್ಡವರು ಆ ಕಥಿ ಹೇಳಿ ಹೇಳಿ ಹುಡುಗೂರ ಕಿವ್ಯಾಗ ತುಂಬೀವಿ.

"ಮೊದಲ ನಳದ ಕೆಳಗ ಕೈ ಹಿಡಿಸು. ಸಾಬೂನು ಹಚ್ಚಿ ಗಡಿಯಾರ ನೋಡಿ 15 ಮಿನಿಟ ತೊಳಿ. ಅರಿಷಿಣ, ಖಾರಪುಡಿ, ಸುಣ್ಣ ಏನೂ ಹಚ್ಚಬ್ಯಾಡ. ಪಟ್ಟಿ ಕಟ್ಟಬ್ಯಾಡ. ನಾ ಬರ್ತೀನಿ" ಅಂತ ಮಗಳಿಗೆ ಹೇಳಿ, ಹಿಟ್ಟು ಹಂಗ ಮುಚ್ಚಿಟ್ಟು, ಗೋಕಾಕ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ್ಯಾಗ ಕುಂತಾಗ ತಲಿಯಾಗ ಬಂದದ್ದೆಲ್ಲಾ ಈಗ ಇಲ್ಲಿ ಬರದೀನಿ. ಇದು ಬರೇ ನಮ್ಮ ಮನಿ ಕಥಿ ಅಲ್ಲ. ನಿಮ್ಮ ಮನ್ಯಾಗೂ ಹೊಟ್ಟಿಗೆ 14 ಸೂಜಿ ಮಾಡಿಸಿಕೊಂಡ ಒಬ್ಬ ಕಾಕಾನೋ ಮಾವನೋ ಇದ್ದೇ ಇರ್ತಾರ.

ನನ್ನ ತವರು ಹುಕ್ಕೇರಿ ತಾಲೂಕಿನ ಹಿರಣ್ಯಕೇಶಿ ದಂಡಿ ಮ್ಯಾಲಿನ ಹಳ್ಳಿ. ಮದುವಿ ಆಗಿ ಬಂದದ್ದು ಗೋಕಾಕಕ್ಕ, ಮಗಳನ್ನ ಕೊಟ್ಟದ್ದು ಮೂಡಲಗಿಗೆ. ನಮ್ಮ ಕಡೆ ನಾಯಿಗೆ ಯಾರೂ ಕಲ್ಲು ಒಗ್ಯಾಕ ಬಿಡೂದಿಲ್ಲ. ನಾಯಿ ಮಲ್ಲಯ್ಯನ ಬಂಟ ಅಂತಾರ. ಮಂಗಸೂಳಿ ಮಲ್ಲಯ್ಯನ ಒಕ್ಕಲಿನ ಮನಿಗಳಾಗ ರವಿವಾರ ಮೊದಲಿನ ರೊಟ್ಟಿ ನಾಯಿಗೆ. ನಮ್ಮ ಅವ್ವಾನೂ ಹಂಗ ಹಾಕ್ತಿದ್ಲು. ಮುಂದ ಅಷ್ಟೆಲ್ಲಾ ಆದ ಮ್ಯಾಲೂ ಹಾಕೂದು ಬಿಡಲಿಲ್ಲ.

1974ರ ಬ್ಯಾಸಗಿ. ಅಣ್ಣಗ 12 ವರ್ಷ, ನನಗ 9. ಹೊಲದಾಗ ಕುರಿ ನಿಲ್ಲಿಸಿದ್ರು. ಬೆಳಿ ತಗದ ಹೊಲದಾಗ ಗೊಬ್ಬರಕ್ಕ ಅಂತ ಕುರುಬರ ಹಿಂಡು ರಾತ್ರಿ ಕೂಡಸೂದು ನಮ್ಮ ಕಡೆ ರೂಢಿ. ಅಣ್ಣ ಅಲ್ಲಿಗೆ ಬುತ್ತಿ ಕೊಟ್ಟು ಬರೂವಾಗ ಬೇಲಿ ಮಗ್ಗಲದಾಗ ಮಲಗಿದ್ದ ಒಂದು ನಾಯಿ ಎದ್ದು ಬಂದು ಮೀನಖಂಡಕ್ಕ ಬಾಯಿ ಹಾಕಿತು. ಬೊಗಳಲಿಲ್ಲ, ಗುರ್ ಅನ್ನಲೂ ಇಲ್ಲ. ಬೊಗಳೂ ನಾಯಿ ಕಡಿಯಂಗಿಲ್ಲ ಅಂತ ಗಾದಿ ಹೇಳ್ತೀವಲ್ಲ, ಬೊಗಳದ ನಾಯಿ ಬಗ್ಗೆ ಆ ಗಾದ್ಯಾಗ ಏನೂ ಇಲ್ಲ. ಹುಚ್ಚು ಹಿಡಿದ ನಾಯಿ ಎಲ್ಲಾ ಸಲ ಜೊಲ್ಲು ಸುರಿಸಿಕೋತ ಮೈ ಮ್ಯಾಲ ಬೀಳಬೇಕು ಅಂತೇನಿಲ್ಲ. ಒಂದು ನಮೂನಿ ಹುಚ್ಚಿನ್ಯಾಗ ನಾಯಿ ಮಂಕಾಗಿ, ದವಡಿ ಜೋತು ಬಿದ್ದು, ಮೂಲ್ಯಾಗ ಕತ್ತಲದಾಗ ಸುಮ್ಮನ ಬಿದ್ದಿರ್ತೈತಿ.

ಆಯಿ ಖಾರಪುಡಿ, ಸುಣ್ಣ ಕಲಸಿ ಗಾಯದಾಗ ತುಂಬಿದ್ಲು. ಅಣ್ಣ ಚೀರಿದ್ದು ಓಣಿಗೆಲ್ಲಾ ಕೇಳಿಸಿತು. ನಾಕನೇ ದಿನ ಆ ನಾಯಿ ಹಳ್ಳದಾಗ ಸತ್ತು ಬಿದ್ದದ್ದನ್ನ ಕುರುಬರು ನೋಡಿ ಬಂದು ಹೇಳಿದ್ರು. ಅಪ್ಪ ಮಾತಾಡಲಿಲ್ಲ, ಅಣ್ಣನ ಹೆಗಲ ಮ್ಯಾಲ ಹೊತ್ತುಕೊಂಡು ತಾಲೂಕಿನ ದವಾಖಾನಿಗೆ ನಡದ.

ಅಲ್ಲಿಂದ ಶುರು 14 ದಿನದ ಲೆಕ್ಕ. ದಿನಾ ಮುಂಜಾನೆ ಬಸ್ಸಿಗೆ ಹೋಗೂದು. ಕಾಜಿನ ದೊಡ್ಡ ಸಿರಿಂಜು, ನೀರಾಗ ಕುದಿಸಿದ ಸೂಜಿ. ಹೊಕ್ಕಳದಾಗ ಚುಚ್ಚತಾರ ಅಂತ ಜನ ಅಂತಾರ. ಹಂಗಲ್ಲ. ಹೊಕ್ಕಳ ಸುತ್ತಲಿನ ಹೊಟ್ಟಿ ಚರ್ಮದ ಕೆಳಗ ಮಾಡ್ತಿದ್ರು. ಮದ್ದು ಭಾಳ ಇರ್ತಿತ್ತು. ಅಷ್ಟು ಮದ್ದು ಹಿಡಿಯೂ ಸಡಿಲ ಜಾಗಾ ಮೈಯಾಗ ಹೊಟ್ಟಿ ಬಿಟ್ರ ಬ್ಯಾರೆ ಇಲ್ಲ. ಇವತ್ತ ಬಲಕ್ಕ, ನಾಳೆ ಎಡಕ್ಕ, ನಾಡದ ಕೆಳಗ, ಹಿಂಗ ಸುತ್ತು ಹಾಕ್ಕೋತ ಹೋಗೂದು. ಒಂದು ವಾರದಾಗ ಅಣ್ಣನ ಹೊಟ್ಟಿ ತುಂಬ ನಿಂಬಿಕಾಯಿಯಂಥಾ ಗಂಟು. ಬಗ್ಗಿ ನಡಿಯಾಂವ, ಒಂದ ಮಗ್ಗಲಕ್ಕ ಮಲಗಾಂವ.

ಹನ್ನೆರಡನೇ ಸೂಜಿ ಆದ ರಾತ್ರಿ ಜ್ವರ ಬಂತು. ಮುಂಜಾನೆ ಏಳಾಕ ಹೋದ್ರ ಎರಡೂ ಕಾಲು ಎತ್ತವಲ್ವು. ಉಚ್ಚಿ ಕಟ್ಟಿತು. ಬೆಳಗಾವಿಗೆ ಒಯ್ದ್ರು. "ಇವಗ ಈ ಸೂಜಿ ಒಗ್ಗಲಿಲ್ಲ" ಅಂದ್ರು ಡಾಕ್ಟರ್ ಸಾಹೇಬ್ರು, ಉಳಿದ ಎರಡು ಸೂಜಿ ಬಿಡಿಸಿದ್ರು. ಮೂರು ತಿಂಗಳು ಹಾಸಗ್ಯಾಗ ಇದ್ದು ಎದ್ದ. ಬಲಗಾಲಿಗೆ ಬಲ ಬಂತು. ಎಡಗಾಲಿನ ಪಾದ ಮಾತ್ರ ಇವತ್ತಿಗೂ ಎತ್ತಾಕ ಬರಂಗಿಲ್ಲ, ನೆಲಕ್ಕ ಸವರಿಕೋತ ನಡೀತಾನ. ನಾಯಿ ಕಡದದ್ದು ಬಲಗಾಲಿಗೆ, ಕುಂಟಾದದ್ದು ಎಡಗಾಲು. ಹಿಂಗಾಗಿ ಊರಾಗ ಎಲ್ಲಾರೂ ತಿಳಕೊಂಡದ್ದು ಒಂದ ಮಾತು: ನಾಯಿ ಏನೂ ಮಾಡಿರಲಿಲ್ಲ, ಮಾಡಿದ್ದೆಲ್ಲಾ ಸೂಜಿ.

ಆ ಮಾತು ಅರ್ಧ ಖರೆ. ಉಳಿದ ಅರ್ಧ ತಿಳೀಬೇಕಂದ್ರ ಆ ಸೂಜಿ ನಮ್ಮ ತಾಲೂಕಿಗೆ ಹೆಂಗ ಬಂತು ಅನ್ನೂದನ್ನ ಸ್ವಲ್ಪ ಹಿಂದಿನಿಂದ ನೋಡಬೇಕು.

ಹುಚ್ಚನಾಯಿ ರೋಗ ಹೊಸಾದಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಾಗ, ಹುಚ್ಚು ಪ್ರಾಣಿ ಕಡಿಸಿಕೊಂಡವ ನೀರಿಗೆ ಅಂಜಾಕ ಹತ್ತಿದ್ರ ಅಂವ ಉಳಿಯಂಗಿಲ್ಲ ಅಂತ ಬರದಾರ. ಅವತ್ತಿನ ಆ ಮಾತು ಇವತ್ತಿಗೂ ಹೆಚ್ಚು ಕಡಿಮಿ ಹಂಗ ಐತಿ. ರೋಗ ಒಮ್ಮೆ ಕಾಣಿಸಿಕೊಂಡ ಮ್ಯಾಲ ಉಳದವರು ಇಡೀ ಜಗತ್ತಿನಾಗ ಬೆರಳಿನ್ಯಾಗ ಎಣಸೂವಷ್ಟು. ಆದ್ರ ಈ ರೋಗಕ್ಕ ಒಂದು ದೊಡ್ಡ ಸಡಿಲು ಐತಿ. ಕಡದ ಜಾಗಾದಿಂದ ವಿಷಾಣು ನರದ ದಾರಿ ಹಿಡಿದು ಮಿದುಳಿಗೆ ಏರಬೇಕು. ಆ ಪ್ರಯಾಣಕ್ಕ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವು ಸಲ ಅದಕ್ಕೂ ಹೆಚ್ಚು. ಮಾರಿ, ಕುತ್ತಿಗಿ, ಕೈಗೆ ಕಡದ್ರ ದಾರಿ ಸಣ್ಣದು, ಬೇಗ ಮುಟ್ಟತೈತಿ. ವಿಷಾಣು ಮಿದುಳು ಮುಟ್ಟೂದರೊಳಗ ಮೈಯಾಗ ಎದುರು ನಿಲ್ಲೂ ಶಕ್ತಿ ತುಂಬಿದ್ರ ಮನುಷ್ಯಾ ಉಳೀತಾನ.

ಇದನ್ನ ಮಾಡಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1885ರ ಜುಲೈ 6ಕ್ಕ ಜೋಸೆಫ್ ಮೈಸ್ಟರ್ ಅನ್ನೂ 9 ವರ್ಷದ ಹುಡುಗನ್ನ ಅವನ ತಾಯಿ ಪ್ಯಾರಿಸ್ಸಿಗೆ ಕರಕೊಂಡು ಬಂದಿದ್ಲು. ಹುಚ್ಚನಾಯಿ ಮೈ ತುಂಬ ಕಡದಿತ್ತು. ರೋಗ ತಗಲಿದ ಮೊಲದ ಬೆನ್ನಹುರಿ ಒಣಗಿಸಿ ತಯಾರಿಸಿದ ಮದ್ದನ್ನ ಆ ಹುಡುಗಗ 13 ಸಲ ಚುಚ್ಚಿಸಿದ್ರು. ಹುಡುಗ ಉಳದ. ಮುಂದ ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಾಗ ಕಾವಲುಗಾರ ಆದ. ನಮ್ಮ ಕಡೆಯವರಿಗೆ ವರ್ಷ ನೆಪ್ಪಿರಲಿ ಅಂತ ಹೇಳ್ತೀನಿ: ಗೋಕಾಕ ಫಾಲ್ಸಿನ ನೀರಿನ ಬಲದ ಮ್ಯಾಲ ಗಿರಣಿ ನಡಸೂ ಕಂಪನಿ ಹುಟ್ಟಿದ್ದೂ ಅದೇ 1885ರಾಗ.

ಭಾರತಕ್ಕ ಆ ಮದ್ದು ಬರಾಕ ಇನ್ನೂ 15 ವರ್ಷ ಹಿಡೀತು. ಅಲ್ಲೀತನಕ ಇಲ್ಲಿನ ಗೋರಾ ಸಿಪಾಯಿಗಳಿಗೆ ನಾಯಿ ಕಡದ್ರ ಹಡಗದಾಗ ಪ್ಯಾರಿಸ್ಸಿಗೆ ಕಳಸ್ತಿದ್ರು. ನಮ್ಮ ರೈತರಿಗೆ ಖಾರಪುಡಿ, ಕಾಸಿದ ಕುಡಗೋಲಿನ ಬರಿ, ಗಾವಟಿ ಔಷಧ ಬಿಟ್ರ ಬ್ಯಾರೆ ಏನಿತ್ತು? 1900ರಾಗ ಹಿಮಾಲಯದ ಬುಡಕ್ಕ ಕಸೌಲಿಯಾಗ ದೇಶದ ಮೊದಲ ಪಾಶ್ಚರ್ ಸಂಸ್ಥೆ ಶುರುವಾತು, ಡೇವಿಡ್ ಸೆಂಪಲ್ ಅನ್ನೂ ಡಾಕ್ಟರರ ಕೈಯಾಗ. ಗೋಕಾಕ ರೋಡ್ ಸ್ಟೇಶನ್ನಿನ್ಯಾಗ ರೈಲು ಹತ್ತಿದವ ಪುಣೆ, ಮುಂಬೈ, ದಿಲ್ಲಿ ದಾಟಿ ಕಾಲ್ಕಾ ಮುಟ್ಟಿ ಅಲ್ಲಿಂದ ಗುಡ್ಡ ಏರಬೇಕು. ಎಷ್ಟು ಮಂದಿಗೆ ಅದು ಆಗೂ ಮಾತು?

ದಕ್ಷಿಣದಾಗ ನೀಲಗಿರಿಯ ಕೂನೂರಿನ ಸಂಸ್ಥೆ ಶುರುವಾದದ್ದು 1907ರಾಗ. ಅದರ ಹಿಂದೂ ಒಂದು ಸಾವು ಐತಿ. 1902ರಾಗ ಕೂನೂರಿನ್ಯಾಗ ಲಿಲಿ ಪಾಕನ್‌ಹ್ಯಾಮ್ ವಾಲ್ಶ್ ಅನ್ನೂ ಹೆಣ್ಣುಮಗಳು ಹುಚ್ಚನಾಯಿ ರೋಗದಿಂದ ತೀರಿಕೊಂಡ್ಲು. ಕಸೌಲಿ ಭಾಳ ದೂರ ಇತ್ತು. ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕು ಅಂತ ಜನ ಎದ್ದರು. ಅಮೆರಿಕದ ಹೆನ್ರಿ ಫಿಪ್ಸ್ ಅನ್ನೂ ಶ್ರೀಮಂತರು ಲಾರ್ಡ್ ಕರ್ಜನ್ನರಿಗೆ ಕೊಟ್ಟ ದಾನದ ಹಣದಾಗ ಒಂದು ಪಾಲು ಆ ಕಟ್ಟಡಕ್ಕ ಹೋತು.

ಕೂನೂರಾದ್ರೂ ನಮಗ ಸಮೀಪ ಏನಲ್ಲ. ಮದ್ದು ಹಳ್ಳಿ ಸಮೀಪ ಬಂದದ್ದು ಸೆಂಪಲ್ ಸಾಹೇಬ್ರು 1911ರಾಗ ಕಂಡುಹಿಡಿದ ಹೊಸ ಪದ್ಧತಿಯಿಂದ. ಕುರಿ ಮಿದುಳಿನ್ಯಾಗ ವಿಷಾಣು ಬೆಳಸೂದು, ಆ ಮಿದುಳನ್ನ ಅರದು, ಕಾರ್ಬಾಲಿಕ್ ಆಸಿಡ್ ಹಾಕಿ ವಿಷಾಣು ಸಾಯಿಸೂದು, ಕಾಜಿನ ಕುಪ್ಪಿಗೆ ತುಂಬೂದು. ಪಾಶ್ಚರರ ಮದ್ದು ಸಂಸ್ಥೆ ಬಿಟ್ಟು ಹೊರಗ ಬರ್ತಿರಲಿಲ್ಲ, ರೋಗಿನೇ ಅಲ್ಲಿಗೆ ಹೋಗಬೇಕಿತ್ತು. ಸೆಂಪಲ್ಲರ ಮದ್ದು ಮಾತ್ರ ಪಾರ್ಸಲ್ ಆಗಿ ಊರೂರಿಗೆ ಹೋಗಬಹುದು. ನಮ್ಮ ಬೆಳಗಾವಿ ಜಿಲ್ಲಾ ಆಗ ಮುಂಬೈ ಪ್ರಾಂತ್ಯದಾಗ ಇತ್ತು. 1920ರ ದಶಕದಾಗ ಮುಂಬೈ ಪರೇಲದ ಹಾಫ್‌ಕಿನ್ ಸಂಸ್ಥೆಯಾಗೂ ನಾಯಿ ಕಡದವರಿಗೆ ಮದ್ದು ಕೊಡೂದು ಶುರುವಾತು. ಹಿಂಗ ಜಿಲ್ಲಾ ದವಾಖಾನಿ, ಆಮ್ಯಾಲ ತಾಲೂಕು ದವಾಖಾನಿ ಮುಟ್ಟಿ, 1974ಕ್ಕ ಅಣ್ಣನ ಹೊಟ್ಟಿ ಮುಟ್ಟಿತು. ನಮ್ಮ ಹೊಲದಾಗ ಕುರಿ ಕಾದು ಬಂದ ಹುಡುಗನ್ನ ಉಳಿಸಿದ್ದು ಕುರಿಯ ಮಿದುಳು, ಕುಂಟು ಮಾಡಿದ್ದೂ ಅದೇ ಕುರಿಯ ಮಿದುಳು.

ಕುಂಟು ಹೆಂಗ ಆತು ಅನ್ನೂದನ್ನ ನನಗ ತಿಳಿಸಿ ಹೇಳಿದವರು ಎಷ್ಟೋ ವರ್ಷದ ಮ್ಯಾಲ ಒಬ್ಬ ನರರೋಗದ ಡಾಕ್ಟರು. ನಮ್ಮ ನರಗಳ ಮ್ಯಾಲ ಕರೆಂಟಿನ ವೈರಿಗೆ ರಬ್ಬರ್ ಇದ್ದಂಗ ಒಂದು ಕೊಬ್ಬಿನ ಪೊರೆ ಐತಿ, ಮೈಲಿನ್ ಅಂತಾರ. ಕುರಿಯ ನರಕ್ಕೂ ಅದು ಐತಿ. ಮದ್ದಿನ ಜೋಡಿ ಕುರಿಯ ಆ ಪೊರೆಯ ಅಂಶಾನೂ ಮೈಯೊಳಗ ಹೋಗ್ತಿತ್ತು, ದಿನಾ ಒಂದು ಸಲ, 14 ದಿನ. ಕೆಲವರ ಮೈ ಅದನ್ನ ವೈರಿ ಅಂತ ಗುರುತು ಹಿಡಿದು ಬಡಿಯಾಕ ಹೋಗಿ, ಅದರಂಗ ಇದ್ದ ತನ್ನದೇ ನರದ ಪೊರೆಯನ್ನೂ ಬಡೀತಿತ್ತು. ವೈರಿನ ರಬ್ಬರ್ ಸುಲದ್ರ ಕರೆಂಟು ಸರಿಯಾಗಿ ಹೋಗಂಗಿಲ್ಲ. ಕಾಲು ಸೋಲ್ತಾವ, ಉಚ್ಚಿ ಕಟ್ಟತೈತಿ, ಕೆಲವರಿಗೆ ಮಾತು ಬೀಳ್ತೈತಿ. ಭಾಳ ಮಂದಿ ಗುಣ ಆಗ್ತಿದ್ರು, ಕೆಲವರು ಅಣ್ಣನಂಗ ಅರ್ಧ ಗುಣ, ಕೆಲವರು ಸಾಯ್ತಿದ್ರು. ವೈದ್ಯರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಕೊಡ್ತಿದ್ರು, ಯಾಕಂದ್ರ ಎದುರಿಗೆ ತಕ್ಕಡಿಯ ಇನ್ನೊಂದು ತಟ್ಟ್ಯಾಗ ಇದ್ದದ್ದು ಸಾವು. ಅಣ್ಣನ ಕಡದ ನಾಯಿ ನಾಕು ದಿನದಾಗ ಸತ್ತಿತ್ತು. ಸೂಜಿ ಮಾಡಿಸದಿದ್ರ ಇವತ್ತ ಅಣ್ಣ ಇರ್ತಿದ್ನೋ ಇಲ್ಲೋ.

ಈ ಲೆಕ್ಕ ನಮಗ ಆಗ ಯಾರೂ ಹೇಳಲಿಲ್ಲ. ಹೇಳಿದ್ರ ತಿಳಕೊಳ್ಳೂ ಮಂದೀನೂ ನಾವಾಗಿರಲಿಲ್ಲ. ನಮಗ ಸೂಜಿ ಅಂದ್ರ ಅಂಜಿಕಿ ಮೊದಲಿಂದ ಇರಲಿಲ್ಲ ಅನ್ನೂದು ಮಾತ್ರ ನೆಪ್ಪಿಡಬೇಕು. ದೇವಿ ಹಾಕಿಸಿಕೊಂಡ ದುಂಡನ ಗುರುತು ನನ್ನ ತೋಳಿನ ಮ್ಯಾಲ ಇವತ್ತಿಗೂ ಐತಿ. ಬೆಳಗಾವಿ ಟಿಳಕವಾಡಿಯಾಗ ಈಗ ಜನ ಮುಂಜಾನೆ ಅಡ್ಡಾಡಾಕ ಹೋಗೂ ವ್ಯಾಕ್ಸಿನ್ ಡಿಪೋ ಮೈದಾನ ಐತಲ್ಲ, ಹಿಂದ ಅಲ್ಲೇ ಆಕಳ ಕರುಗಳ ಮೈಯಿಂದ ಸಿಡುಬಿನ ಲಸಿಕಿ ತಗೀತಿದ್ರು. ನಮ್ಮ ಜಿಲ್ಲಾದವರು ಲಸಿಕಿ ಕಂಡವರ. ನಮ್ಮ ಮನಿಯ ಅಂಜಿಕಿ ಅಣ್ಣನ ಎಡಗಾಲಿನಿಂದ ಶುರುವಾದದ್ದು.

ಇನ್ನ ಹೇಳಾಕ ಕಷ್ಟ ಆಗೂ ಭಾಗಕ್ಕ ಬರ್ತೀನಿ.

1986ರ ಮಳಿಗಾಲ. ನಾ ಮದುವಿ ಆಗಿ ಗೋಕಾಕಕ್ಕ ಬಂದು ಒಂದು ವರ್ಷ ಆಗಿತ್ತು. ನಮ್ಮ ಚಿಗವ್ವನ ಮಗಳು, 9 ವರ್ಷದಾಕಿ, ಶಾಲಿಂದ ಬರೂವಾಗ ನಾಯಿ ಭುಜಕ್ಕ ಹಾರಿ ಕಡೀತು. ಚಿಗವ್ವನ ಮನಿ ನಮ್ಮ ತವರಿನ ಹಿಂದಿನ ಓಣ್ಯಾಗ. ಕಾಕಾ ಸೂಜಿ ಮಾಡಸಾಕ ಒಯ್ತೀನಿ ಅಂತ ತಯಾರಾಗಿದ್ದ. ಅವ್ವ ಬಾಗಲದಾಗ ನಿಂತು ಹೇಳಿದ್ಲಂತ: "ನನ್ನ ಮಗನ ಕಾಲು ನೋಡೀರಿಲ್ಲ? ಹೆಣ್ಣ ಕೂಸು ಐತಿ. ಕಾಲು ಹೋದ್ರ ನಾಳೆ ಇಕಿನ್ನ ಯಾರು ಮಾಡ್ಕೊಂತಾರ? ಗಾವಟಿ ಔಷಧ ಕೊಡೂ ಮುದುಕ ಅದಾನ, ಅಲ್ಲಿಗೆ ಒಯ್ರಿ."

ಮುದುಕ ಯಾವುದೋ ಎಲಿ ಅರದು ಕುಡಿಸಿ, ಮೂರು ತಿಂಗಳು ಪಥ್ಯ ಹೇಳಿದ. ಬದನಿಕಾಯಿ ಬ್ಯಾಡ, ಬೆಲ್ಲ ಬ್ಯಾಡ, ಗುಡುಗು ಕೇಳಿದ್ರ ನಂಜು ಏಳ್ತೈತಿ, ಒಳಗ ಇರಸ್ರಿ ಅಂದ. ಗಾಯ ಎಂಟ ದಿನದಾಗ ಮಾಯ್ತು. ಹುಡುಗಿ ಶಾಲಿಗೆ ಹೋತು, ನಾಗರ ಪಂಚಮಿಗೆ ಜೋಕಾಲಿ ಆಡಿತು. ಕಡದು ನಲವತ್ತು ದಿನ ಆಗೂ ಮುಂದ, ಮಾಯ್ದ ಜಾಗಾದಾಗ ತುರಸಾಕತ್ತಿತು ಅಂತ ಕೆರಕೋತ ಕುಂತ್ಲು. ಮರುದಿನ ಜ್ವರ. ಅದರ ಮರುದಿನ ನೀರಿನ ತಂಬಿಗಿ ಕಂಡ್ರ ಗಂಟಲ ಹಿಡಿದು ಹಿಂದಕ್ಕ ಸರೀತಿದ್ಲು. ನಾ ಗೋಕಾಕದಿಂದ ಹೋಗಿ ಮುಟ್ಟಿದಾಗ ಅಕಿಗೆ ನೆಪ್ಪಿತ್ತು, "ಅಕ್ಕಾ, ನೀರು ಬೇಕು, ಕುಡಿಯಾಕ ಆಗವಲ್ದು" ಅಂದ್ಲು. ಅದಕ್ಕಿಂತ ಹೆಚ್ಚಿಗಿ ಬರೀಯಾಕ ನನಗ ಆಗಂಗಿಲ್ಲ. ಮೂರು ದಿನದಾಗ ಎಲ್ಲಾ ಮುಗೀತು.

ಚಿಗವ್ವ ಅವ್ವನ್ನ ಒಂದ ಮಾತು ಅನ್ನಲಿಲ್ಲ. ಅದೇ ಅವ್ವಗ ಭಾಳ ಆತು. "ಬೈದಿದ್ರ ತಡಕೊಂತಿದ್ದೆ" ಅಂತ ಸಾಯೂ ತನಕ ಅಂತಿದ್ಲು. ನಮ್ಮ ಮನ್ಯಾಗ ಎರಡು ಸಲ ನಾಯಿ ಕಡದಂಗ ಆತು: ಒಮ್ಮೆ ಅಣ್ಣಗ, ಆ ಪೆಟ್ಟು 12 ವರ್ಷ ತಡದು ಇನ್ನೊಮ್ಮೆ ಚಿಗವ್ವನ ಮಗಳಿಗೆ.

ಅದೇ 1986ರ ಹೊತ್ತಿಗೆ ಜಗತ್ತಿನಾಗ ಕುರಿ ಮಿದುಳಿನ ಮದ್ದಿನ ಕಾಲ ಮುಗದಿತ್ತು ಅನ್ನೂದು ಓದಿದಾಗ ನನಗ ಹೊಟ್ಟಿ ಉರೀತು. ಮಿದುಳು ಬಿಟ್ಟು ಜೀವಕೋಶಗಳಾಗ ವಿಷಾಣು ಬೆಳಸೂ ಹೊಸ ಲಸಿಕಿಯನ್ನ ಅಮೆರಿಕದ ವಿಸ್ಟಾರ್ ಸಂಸ್ಥೆಯಾಗ ತಯಾರಿಸಿದ್ರು. ಇರಾನಿನ್ಯಾಗ ಹುಚ್ಚನಾಯಿ, ಹುಚ್ಚುತೋಳ ಕಡದ 45 ಮಂದಿಗೆ ಅದನ್ನ ಕೊಟ್ಟು ನೋಡಿದ್ರು, 45 ಮಂದೀನೂ ಉಳದ್ರು. ಆ ವರದಿ ಬಂದದ್ದು 1976ರಾಗ. ತೋಳ ಮಾರಿಗೆ ಹಾರಿ ಕಡಿಯೂದು, ಅಂಥಾವ್ರೂ ಉಳದ್ರು ಅಂದ್ರ ತಿಳೀರಿ. 1980ರ ದಶಕದ ಸುರುವಿಗೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಮಿದುಳಿನ ಮದ್ದು ಬಿಡ್ರಿ ಅಂತ ಹೇಳಿದ್ರು. ಆದ್ರ ಹೊಸ ಲಸಿಕಿ ತುಟ್ಟಿ. ಪ್ಯಾಟ್ಯಾಗ ರೊಕ್ಕ ಕೊಟ್ಟು ತರೂವಂಥವರಿಗೆ ಹೊಸಾದು, ಸರಕಾರಿ ದವಾಖಾನಿಗೆ ಬರೂ ಬಡವರಿಗೆ ಕುರಿ ಮಿದುಳಿಂದು, ಹಿಂಗ ಎರಡೂ ಒಂದ ಊರಾಗ ವರ್ಷಗಟ್ಲೆ ನಡದವು. ಭಾರತದಾಗ ಹಳೇ ಮದ್ದು ಪೂರ್ತಿ ನಿಂತದ್ದು 2004ರ ಡಿಸೆಂಬರಿನ್ಯಾಗ. ಸೆಂಪಲ್ ಸಾಹೇಬ್ರು ಅದನ್ನ ಮಾಡಿ 93 ವರ್ಷದ ಮ್ಯಾಲ.

ಈಗಿನ ಲಸಿಕಿ ಹೊಟ್ಟಿಗಲ್ಲ, ತೋಳಿಗೆ. ಸ್ನಾಯುವಿಗೆ ಮಾಡಿದ್ರ ಐದು ಸಲ: ಮೊದಲ ದಿನ, ಆಮ್ಯಾಲ 3, 7, 14, 28ನೇ ದಿನ. 2006ರಿಂದ ಚರ್ಮದೊಳಗ ಮಾಡೂ ಪದ್ಧತಿಗೂ ಒಪ್ಪಿಗಿ ಸಿಕ್ಕೈತಿ. ಅದಕ್ಕ ಮದ್ದು ಹನಿಯಷ್ಟ ಸಾಕು, ಎರಡೂ ತೋಳಿಗೆ ಒಂದೊಂದು ಚುಕ್ಕಿ, ನಾಕು ಸಲ: ಮೊದಲ ದಿನ, 3, 7, 28. ಒಂದು ಕುಪ್ಪಿ ಹಲವು ಮಂದಿಗೆ ಆಗ್ತೈತಿ, ಹಿಂಗಾಗಿ ಸರಕಾರಿ ದವಾಖಾನ್ಯಾಗ ಪುಕ್ಕಟ ಕೊಡಾಕ ಸರಳ ಆತು. ಗಾಯದಾಗ ರಕ್ತ ಬಂದಿದ್ರ ಬರೇ ಲಸಿಕಿ ಸಾಲಂಗಿಲ್ಲ. ಗಾಯದ ಒಳಗ ಮತ್ತ ಸುತ್ತಲೂ ಸೀರಮ್ ಹಾಕಬೇಕು. ಲಸಿಕಿ ಮೈಗೆ ಶಕ್ತಿ ತರಾಕ ವಾರಗಟ್ಲೆ ಹಿಡೀತೈತಿ, ಅಲ್ಲೀತನಕ ಬಾಗಲದಾಗ ನಿಂತು ಕಾಯೂದು ಸೀರಮ್.

ಇಷ್ಟೆಲ್ಲಾ ಇದ್ದೂ ಜನ ಸಾಯ್ತಾರ. 2003ರ ಸಮೀಕ್ಷೆಯ ಪ್ರಕಾರ ಭಾರತದಾಗ ವರ್ಷಕ್ಕ 20,000 ಮಂದಿ ಈ ರೋಗದಿಂದ ಸಾಯ್ತಾರ ಅಂತ ಅಂದಾಜಿತ್ತು. 2022–23ರಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿಸಿದ ಸಮೀಕ್ಷೆಯಿಂದ ಬಂದ ಅಂದಾಜು 5,700ರ ಆಸುಪಾಸು. ಎರಡರ ಲೆಕ್ಕ ಹಾಕೂ ರೀತಿ ಒಂದ ಅಲ್ಲ, ಆದ್ರೂ ಕಡಿಮಿ ಆಗೈತಿ ಅನ್ನೂದು ಖರೆ. ಅದೇ ಸಮೀಕ್ಷೆಯಾಗ ಇನ್ನೊಂದು ಮಾತು ಐತಿ. ನಾಯಿ ಕಡದವರಾಗ ಸುಮಾರು ಐದು ಮಂದ್ಯಾಗ ಒಬ್ಬರು ಒಂದೂ ಸೂಜಿ ಮಾಡಿಸಿಕೊಂಡಿಲ್ಲ. ಒಬ್ಬೊಬ್ಬರದು ಒಂದೊಂದು ಕಾರಣ ಇರ್ತೈತಿ: ದವಾಖಾನಿ ದೂರ, ದಿನದ ಕೂಲಿ ಹೋಗ್ತೈತಿ, ಸಣ್ಣ ಮರಿ ಅಲ್ಲ ಏನಾಗ್ತೈತಿ ಅನ್ನೂ ಉಡಾಫಿ. ಆದ್ರ ಆ ಐದನೆಯವರ ಹಿಂದ ಎಷ್ಟು ಮನಿಗಳಾಗ ನಮ್ಮಂಥಾ ಪಡಸಾಲಿ ಕಥಿ ಇರಬಹುದು ಅಂತ ನನಗ ವಿಚಾರ ಬರ್ತೈತಿ. ಗಾಯ ಒಂದು ಪೀಳಿಗಿಯದು, ಅಂಜಿಕಿ ಮೂರು ಪೀಳಿಗಿಗೆ ಇಳೀತೈತಿ. ಬಂಗಾಲದ ಕಡೆ ಕೆಲವು ಹಳ್ಳ್ಯಾಗ, ನಾಯಿ ಕಡದ್ರ ಹೊಟ್ಟ್ಯಾಗ ನಾಯಿಮರಿ ಬೆಳೀತಾವ ಅಂತ ಗಂಡಸರೂ ಹೆದರಿ ನರಳೂದನ್ನ 2003ರಾಗ ಮನೋವೈದ್ಯರು ಬರದಾರ. ಓದಿದಾಗ ನಗು ಬಂತು, ಮತ್ತ ನಮ್ಮ ಮೊಮ್ಮಗನ ತುಂಬು ತೋಳಿನ ಅಂಗಿ ಕಂಡು ನಗು ನಿಂತಿತು.

ಅವ್ವನ ಮಾತಿಗೆ ವಾಪಸ್ ಬರ್ತೀನಿ. ಆ ಹುಡುಗಿ ಹೋದ ವರ್ಷವೇ ಅವ್ವ ಒಂದು ದಿನ ದವಾಖಾನಿಗೆ ಹೋಗಿ, ಅಲ್ಲಿಯ ಸಿಸ್ಟರ್ ಮುಂದ ಕುಂತು, "ಏನು ಮಾಡಿದ್ರ ಉಳೀತಿತ್ತು, ಮೊದಲಿಂದ ಹೇಳ್ರಿ" ಅಂತ ಕೇಳಿಕೊಂಡು ಬಂದ್ಲು. ಸಾಬೂನು ನೀರಿನಿಂದ ತೊಳಿಯೂದು ಅರ್ಧ ಔಷಧ ಅಂತ ಆ ಸಿಸ್ಟರ್ ಹೇಳಿದ್ರಂತ. ಅದು ಖರೆ. ವಿಷಾಣುವಿನ ಮೈ ಮ್ಯಾಲ ಕೊಬ್ಬಿನ ಹೊದಿಕಿ ಐತಿ, ಎಣ್ಣಿ ಜಿಡ್ಡು ಹೋಗೂ ಹಂಗ ಸಾಬೂನಿಗೆ ಅದು ಕರಗತೈತಿ. ಖಾರಪುಡಿಗೆ ಕರಗಂಗಿಲ್ಲ. ಖಾರ ಹಾಕಿದ್ರ ಗಾಯ ಇನ್ನಷ್ಟು ಕೆಂಡ ಆಗಿ ವಿಷಾಣು ಒಳಗ ಹೋಗಾಕ ದಾರಿ ಆಗ್ತೈತಿ.

ಅಂದಿನಿಂದ ಅವ್ವ ಒಂದು ಕೆಂಪ ಲೈಫ್‌ಬಾಯ್ ಸಾಬೂನು ಬ್ಯಾರೆನೇ ಮಾಡಿ ಹಿತ್ತಲದ ಮಾಡದಾಗ ಇಟ್ಟಳು. ಓಣ್ಯಾಗ, ಕೇರ್ಯಾಗ ಯಾರಿಗೆ ನಾಯಿ ಕಡದದ್ದು ಕಿವಿಗೆ ಬಿದ್ರೂ ಕೊಡ ನೀರು, ಆ ಸಾಬೂನು ತಗೊಂಡು ಹೋಗಾಕಿ. ಗಡಿಯಾರ ಓದಾಕ ಬರ್ತಿರಲಿಲ್ಲ. ಎರಡು ಕೊಡ ಖಾಲಿ ಆಗೂ ತನಕ ತೊಳಿಯಾಕಿ. ಆಮ್ಯಾಲ ಅವರನ್ನ ಬಸ್ಸಿಗೆ ಹತ್ತಿಸಿ, ಸಂಜಿಗೆ ಅವರ ಮನಿಗೆ ಹೋಗಿ ದವಾಖಾನಿ ಚೀಟಿ ತೋರಸ್ರಿ ಅಂತ ಕೇಳಾಕಿ. ಕೆಲವರು, "ನಿಮ್ಮ ಮಗನ ಕಾಲು ಹಂಗಾತಲ್ಲಬೇ" ಅಂದ್ರ, "ಕಾಲು ಹೋತು, ಮಗ ಅದಾನ. ನನ್ನ ತಂಗಿ ಮಗಳ ಕಾಲು ಎರಡೂ ಚಲೋ ಇದ್ವು" ಅಂತಿದ್ಲು. ಇಷ್ಟ. ಇದಕ್ಕಿಂತ ಹೆಚ್ಚಿಗಿ ಭಾಷಣ ಅವ್ವಗ ಬರ್ತಿರಲಿಲ್ಲ. ಅವ್ವ ಹೋಗಿದ್ದು 2011ರಾಗ. ಆ ಮಾಡದಾಗ ಆಗಲೂ ಅರ್ಧ ತಿಕ್ಕಿದ ಸಾಬೂನು ಇತ್ತು.

ನಾವು ಮಕ್ಕಳು ಅಣ್ಣನ ಕಥಿ ಮುಂದಿನವರಿಗೆ ದಾಟಿಸಿದ್ವಿ, ಅವ್ವನ ಸಾಬೂನಿನ ಕಥಿ ದಾಟಿಸಲಿಲ್ಲ. 14 ಸೂಜಿ ಕಥಿಗೆ ಹುಡುಗೂರು ಬಾಯಿ ಬಿಟ್ಟು ಕುಂಡರ್ತಾರ. ಸಾಬೂನು ಕಥ್ಯಾಗ ಅಂಥಾ ಮಜಾ ಇಲ್ಲ. ಚಿಗವ್ವನ ಮಗಳ ಹೆಸರಂತೂ ಮನ್ಯಾಗ ಯಾರೂ ಎತ್ತಂಗೇ ಇಲ್ಲ. ಹಿಂಗಾಗಿ ಮೊಮ್ಮಗಗ ಕುಂಟಾದ ಅಜ್ಜ ಗೊತ್ತು, ಸತ್ತ ಹುಡುಗಿ ಗೊತ್ತಿಲ್ಲ. ಅಂವ ಅಂಗಿ ತೋಳು ಕೆಳಗ ಬಿಟ್ಟದ್ದು ಅವನ ತಪ್ಪಲ್ಲ.

ಮೂಡಲಗಿಗೆ ಮುಟ್ಟಿ ಕೈ ನೋಡಿದೆ. ಮಗಳು ಚೊಲೋತ್ನ್ಯಾಗ ತೊಳದಿದ್ಲು. ಎರಡು ದಿನ ತಡ ಆಗೈತಲ್ಲಾ, ಇನ್ನ ಹೋಗಿ ಉಪಯೋಗ ಐತಾ ಅಂತ ಅಳಿಯ ಕೇಳಿದ್ರು. ಎಷ್ಟ ದಿನ ತಡ ಆಗಿದ್ರೂ ಹೋಗಬೇಕು, ತಡ ಆಗೈತಿ ಅಂತ ಮನ್ಯಾಗ ಕುಂಡ್ರಬಾರದು ಅಂತ ಹೇಳಿದೆ. ಮರಿ ಎಲ್ಲಿ ಐತಿ ಅಂತ ಹುಡಿಕಿಸಿದೆ, ಸಿಗಲಿಲ್ಲ. ಸಿಕ್ಕಿದ್ರೂ ಹತ್ತು ದಿನ ಅದರ ಮ್ಯಾಲ ಕಣ್ಣಿಡಬೇಕು, ಹಂಗಂತ ಸೂಜಿ ತಡಾ ಮಾಡೂ ಹಂಗಿಲ್ಲ. ರಕ್ತ ಬಂದದ್ದಕ್ಕ ಸೀರಮ್ ಬೇಕಾಗಿ, ಅವತ್ತ ಮಧ್ಯಾಹ್ನ ಹುಡುಗನ್ನ ಗೋಕಾಕಕ್ಕ ಕರಕೊಂಡು ಬಂದ್ವಿ.

ದಾರ್ಯಾಗ ಅಣ್ಣಗ ಫೋನ್ ಹಚ್ಚಿ ಹುಡುಗನ ಕೈಗೆ ಕೊಟ್ಟೆ. ಅಣ್ಣ ಏನು ಹೇಳಿದ್ನೋ ಪೂರ್ತಿ ನನಗ ಕೇಳಲಿಲ್ಲ. ಕಡೀಕ ಒಂದು ಮಾತು ಮಾತ್ರ ಕೇಳಿಸಿತು: "ನನಗ ಮಾಡಿದ್ದು ಕುರಿ ಮದ್ದಲೇ ಮಗನ. ಅದು ಈಗ ಮ್ಯೂಸಿಯಮ್ಮಿನ್ಯಾಗೂ ಇಲ್ಲ. ನಿನಗ ಮಾಡೂದು ಬ್ಯಾರೆ. ಮಾಡಿಸಿಕೊಂಡು ಬಾ, ಹಬ್ಬಕ್ಕ ಇಬ್ಬರೂ ಕೂಡಿ ಕಥಿ ಹೇಳೂಣು."

ಸಿಸ್ಟರ್ ತೋಳು ಏರಸು ಅಂದಾಗ ಹುಡುಗ ಅಂಗಿ ಕೆಳಗ ಜಗ್ಗಿ ಹೊಟ್ಟಿ ಮುಚ್ಚಿಕೊಂಡ. ಎಡ ತೋಳಿಗೆ ಒಂದು ಚುಕ್ಕಿ, ಬಲ ತೋಳಿಗೆ ಒಂದು ಚುಕ್ಕಿ. ಗಾಯದ ಸುತ್ತ ಸೀರಮ್ ಹಾಕೂವಾಗ ಸ್ವಲ್ಪ ಅತ್ತ. ಅದು ನೋಯತೈತಿ, ಸುಳ್ಳು ಹೇಳಿ ಉಪಯೋಗ ಇಲ್ಲ.

"ಮುಗೀತು" ಅಂದ್ರು ಸಿಸ್ಟರ್.

"ಹೊಟ್ಟ್ಯಾಗ ಇಲ್ಲೇನ ಆಯಿ?" ಅಂದ.

"ಇಲ್ಲ" ಅಂದೆ. ಗೋಡಿಗೆ ತೂಗು ಹಾಕಿದ ಕ್ಯಾಲೆಂಡರಿನ ಎದುರಿಗೆ ಕರಕೊಂಡು ಹೋಗಿ ಮುಂದಿನ ಮೂರು ತಾರೀಖು ಬೆರಳು ಇಟ್ಟು ತೋರಿಸಿದೆ. ಕಡೀದು 28ನೇ ದಿನ. ಅಷ್ಟು ದೂರದ್ದು ಮರೀತೈತಿ ಅಂತ ಭಾಳ ಮಂದಿ ಅದನ್ನ ಬಿಟ್ಟುಬಿಡ್ತಾರ. ನಾವು ಬಿಡಂಗಿಲ್ಲ. ಅವತ್ತ ಸಂಜಿಗೆ ಅವನ್ನ ಕುಂಡ್ರಿಸಿಕೊಂಡು ಚಿಗವ್ವನ ಮಗಳ ಕಥೀನೂ ಹೇಳಬೇಕು ಅಂತ ಮಾಡೀನಿ. ಅಕಿ ಹೆಸರು ಸಮೇತ.